ಮೆಟ್ಟಿಲ ಕೆಳಗಿನ ನಾಲ್ಕನೇ ವಾಕ್ಯ

"ದಿ ಕೀ ಈಸ್ ಬಿಹೈಂಡ್ ದಿ ಮಿರರ್..."

ಅವನು ಓದಿದ್ದು ಇಷ್ಟೇ. ಬೋರ್ಡಿನ ಕಡೆ ತಿರುಗಿದ್ದ ಟೀಚರ್ ಕೈಯಲ್ಲಿ ಸೀಮೆಸುಣ್ಣ ಪಟ್ಟನೆ ಎರಡು ತುಂಡಾಯಿತು!

ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಅವಳ ಮೈ ತಣ್ಣಗಾಗಿದ್ದು ಆ ರಾಗಕ್ಕೆ. "ಕೀ" ಅನ್ನುವಲ್ಲಿ ಮೇಲಕ್ಕೇರಿ, "ಮಿರರ್" ಅನ್ನುವಲ್ಲಿ ಜಾರಿ ಕೆಳಗಿಳಿಯುವ, ಸಣ್ಣ ಮಕ್ಕಳು ಪಾಠ ಒಪ್ಪಿಸುವಂಥ ಆ ರಾಗ...

ಹನ್ನೊಂದು ದಿನಗಳಿಂದ, ದಿನಾ ಸಂಜೆ ನಾಲ್ಕಕ್ಕೆ, ಅವಳ ಬಾಡಿಗೆ ಮನೆಯ ಮಹಡಿ ಮೆಟ್ಟಿಲ ಕೆಳಗಿನಿಂದ ಕೇಳಿಬರುತ್ತಿದ್ದ ರಾಗ!

ಅದು ಕೆಲಸಕ್ಕೆ ಹೋಗುವವರಿಗೆಂದೇ ನಡೆಯುವ ಬೆಳಗಿನ ಏಳರ ಇಂಗ್ಲಿಷ್ ಕ್ಲಾಸು. ಬಸ್ ಡ್ರೈವರ್, ಆಸ್ಪತ್ರೆಯ ಆಯಾ, ಇಬ್ಬರು ಟೈಲರ್‌ಗಳು. ಈಗ ಓದುತ್ತಿದ್ದವನು ಮೂರು ದಿನದ ಹಿಂದೆ ಸೇರಿದ ತಕ್ಕಡಿ ರಿಪೇರಿಯವನು. ಈಗ ಬರುವ ಎಲೆಕ್ಟ್ರಾನಿಕ್ ತಕ್ಕಡಿಗಳ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವಂತೆ, ಓದಲು ಬಾರದೆ ಎರಡು ಯಂತ್ರ ಸುಟ್ಟುಹಾಕಿದನಂತೆ.

ಹಿಂದಿನ ದಿನದ ಪಾಠ ಪ್ರಿಪೊಸಿಷನಲ್ ಫ್ರೇಸ್. "ನಮ್ಮ ಮಾತಲ್ಲಿ ಮೇಲೆ, ಕೆಳಗೆ, ಹಿಂದೆ ಅನ್ನೋದು ವಸ್ತು ಆದ್ಮೇಲೆ ಬರುತ್ತೆ. ‘ಮೇಜಿನ ಮೇಲೆ’ ಅಂತೀವಿ. ಇಂಗ್ಲಿಷಲ್ಲಿ ಮೊದಲೇ ಬಂದು ಕೂತ್ಕೊಳ್ಳುತ್ತೆ, ‘ಆನ್ ದಿ ಟೇಬಲ್’. ಆ ಪುಟ್ಟ ಪದ, ಅದಾದ್ಮೇಲೆ ಬರೋ ವಸ್ತು, ಎರಡನ್ನೂ ಸೇರಿಸಿ ಅಡಿಗೆರೆ ಹಾಕಿ. ನಿಮ್ಮದೇ ವಾಕ್ಯ ಬರ್ಕೊಂಡು ಬನ್ನಿ" ಎಂದು ಹೇಳಿ ಕಳಿಸಿದ್ದಳು.

ಡ್ರೈವರ್ ಬರೆದು ತಂದಿದ್ದು "ಐ ಆಮ್ ಅಂಡರ್ ದಿ ಬಸ್" ಎಂದು. "ನೀವು ಬಸ್ಸಿನ ಕೆಳಗಿದ್ರೆ ಓಡಿಸೋರು ಯಾರು ಅಣ್ಣಾ?" ಎಂದು ಆಯಾ ಕೇಳಿದ್ದಕ್ಕೆ ಕ್ಲಾಸೆಲ್ಲ ಬಿದ್ದುಬಿದ್ದು ನಕ್ಕಿತ್ತು. ಆ ನಗು ಇನ್ನೂ ಪೂರ್ತಿ ಆರಿರಲಿಲ್ಲ.

ತಕ್ಕಡಿಯವನು ಮುಂದುವರಿಸಿದ.

"ದಿ ಬಾಕ್ಸ್ ಈಸ್ ಅಂಡರ್ ದಿ ಲಾಸ್ಟ್ ಸ್ಟೆಪ್... ಐ ಹಿಡ್ ದಿ ಲೆಟರ್ ಫ್ರಮ್ ಮದರ್..."

ತಡೆದು ನಿಂತ. ಹಣೆ ಉಜ್ಜಿಕೊಂಡ. "ಇನ್ನೂ ಒಂದಿತ್ತು ಟೀಚರ್. ನೆನಪಿಗೆ ಬರ್ತಾ ಇಲ್ಲ."

ಟೀಚರ್ ತುಟಿಗಳು ತಮ್ಮಷ್ಟಕ್ಕೆ ತಾವೇ ಅಲುಗಿದವು. ಮನೆಯಲ್ಲಿ ಮೊದಲ ಮೂರು ಸಾಲು ಬರೀ ಗುನುಗು, ಪದ ತಿಳಿಯುತ್ತಿರಲಿಲ್ಲ. ಕೊನೆಯ ಸಾಲು ಮಾತ್ರ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ.

"ವಿ ವಿಲ್ ಗೋ ಟು ಹರ್ ಆನ್ ಸಂಡೇ..."

ಅದೇ ರಾಗದಲ್ಲಿ!

ಅವನ ಕೈಯಿಂದ ನೋಟ್‌ಬುಕ್ ಜಾರಿ ಬಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅದು... ಅದು ನಿಮಗೆ ಹೇಗೆ ಗೊತ್ತು?"

"ನಿಮಗೆ ಹೇಗೆ ಗೊತ್ತು?" ಅವಳ ಹೆದರಿಕೆ ಸಿಟ್ಟಾಗಿ ಹೊರಬಂತು. "ಹನ್ನೊಂದು ದಿನದಿಂದ ನಮ್ಮನೆಗೆ ಬಂದು ಹೆದರಿಸ್ತಿರೋದು ನೀವೇನಾ? ಇಬ್ಬರೇ ಹೆಂಗಸರಿದ್ದಾರೆ ಅಂತ ಗೊತ್ತಾಯ್ತು ಅಲ್ವಾ?"

ಟೈಲರ್‌ಗಳಿಬ್ಬರೂ ಹೊರಳಿ ಅವನನ್ನೇ ನೋಡಿದರು.

ಅವನು ಬಗ್ಗಿ ನೋಟ್‌ಬುಕ್ ಎತ್ತಿಕೊಂಡ. ಧೂಳು ಒರೆಸಿದ. "ನಿಮ್ಮನೆ ಯಾವ ಬೀದಿಲಿದೆ ಅಂತಾನೂ ನಂಗೊತ್ತಿಲ್ಲ ಟೀಚರ್" ಎಂದು ಮೆಲ್ಲಗೆ ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಹೋದ.

"ಪಾಪ, ಕಣ್ತುಂಬ ನೀರಿತ್ತು..." ಎಂದಳು ಆಯಾ.

*

ಅಂದು ಮಧ್ಯಾಹ್ನವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ದೊಡ್ಡ ಮನೆ ಬಿಟ್ಟು, ಸೋದರತ್ತೆಯ ಜೊತೆ ಈ ಇಕ್ಕಟ್ಟಾದ ಎರಡಂತಸ್ತಿನ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಅಪ್ಪನನ್ನು ನೋಡಿಕೊಳ್ಳಬೇಕೆಂಬ ನೆಪ ಹೇಳಿ, ಬಂದ ಎರಡು ಸಂಬಂಧ ತಿರುಗಿಸಿದ್ದಳು. ವಯಸ್ಸು ಮೂವತ್ತೆರಡು. ಈಗ ನೆಪವೂ ಇರಲಿಲ್ಲ, ಬರುವವರೂ ಇರಲಿಲ್ಲ.

ಅತ್ತೆಗೆ ಕಿವಿ ಮಂದ. "ಮೆಟ್ಟಿಲ ಕೆಳಗೆ ಯಾರೋ ಮಾತಾಡ್ತಾರೆ ಅತ್ತೆ" ಎಂದರೆ, "ಮೆಂತ್ಯ ಖಾಲಿಯಾಯ್ತಾ? ನಾಳೆ ತರಿಸೋಣ ಬಿಡು" ಎನ್ನುತ್ತಿದ್ದಳು. ಕೇಳಿಸುತ್ತಿದ್ದುದು ತನಗೊಬ್ಬಳಿಗೇ. ನನಗೇ ತಲೆ ಕೆಟ್ಟಿದೆಯಾ ಎಂಬ ಅನುಮಾನವೂ ಬಂದಿತ್ತು.

ಗಡಿಯಾರ ನಾಲ್ಕು ಹೊಡೆಯಿತು.

ಮೆಟ್ಟಿಲ ಕೆಳಗೆ ಶುರುವಾಯಿತು... ಸಣ್ಣ ಹುಡುಗಿಯ ದನಿ. ಇವತ್ತು ಪದಗಳು ಗೊತ್ತಿದ್ದವು. ಹಾಗಾಗಿ ಪ್ರತಿಯೊಂದೂ ಕೇಳಿಸಿತು.

*ದಿ ಕೀ ಈಸ್ ಬಿಹೈಂಡ್ ದಿ ಮಿರರ್.*

ಮೆಟ್ಟಿಲು ತಿರುಗುವಲ್ಲಿ ಗೋಡೆಗೆ ಒಂದು ಹಳೆಯ ಕನ್ನಡಿ. ಬಂದ ದಿನವೇ ನೋಡಿದ್ದಳು. ಚೌಕಟ್ಟಿಗೂ ಗೋಡೆಗೂ ಸೇರಿಸಿ ಬಣ್ಣ ಬಳಿದಿದ್ದರಿಂದ ಅದು ಗೋಡೆಯಲ್ಲೇ ಬೆಳೆದಂತಿತ್ತು. ಅವಳು ಅಡುಗೆಮನೆಯ ಚಾಕು ತಂದು ಅಂಚು ಕೆರೆಯತೊಡಗಿದಳು. ಬಿಳಿ ಬಣ್ಣದ ಕೆಳಗೆ ಹಸಿರು. ಅದರ ಕೆಳಗೆ ಹಳದಿ. ಮತ್ತೆ ನೀಲಿ...

"ಕನ್ನಡಿ ಯಾಕೆ ಕೀಳ್ತಿದೀಯೇ?" ಅತ್ತೆ ಎರಡು ಮೆಟ್ಟಿಲು ಹತ್ತಿ ಬಂದಳು. "ಇರೋ ಒಂದು ಮುಖಾನೂ ನೋಡ್ಕೊಳ್ಳೋದು ಬೇಡ್ವಾ?"

ಅವಳು ತಲೆ ಎತ್ತಿ ಕನ್ನಡಿಯಲ್ಲಿ ಅತ್ತೆಯನ್ನು ನೋಡಿದಳು.

ಅತ್ತೆಯ ಹಿಂದೆ, ಒಂದು ಮೆಟ್ಟಿಲು ಕೆಳಗೆ, ಇನ್ನೊಂದು ತಲೆ ಇತ್ತು. ಎರಡು ಜಡೆ. ಒಂದರ ರಿಬ್ಬನ್ ಬಿಚ್ಚಿಹೋಗಿತ್ತು.

ತಿರುಗಿದಳು. ಅತ್ತೆ ಒಬ್ಬಳೇ!

ಮತ್ತೆ ಕನ್ನಡಿಯ ಕಡೆ ಹೊರಳಿದಳು. ಚಾಕುವಿನ ತುದಿಯಿಂದ ಕೊನೆಯ ಸ್ಕ್ರೂ ತಿರುಗಿಸಿದಳು. ಕನ್ನಡಿ ಕೈಗೆ ಬಂತು. ಹಿಂದೆ ಗೋಡೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಜೇಡರ ಬಲೆ ಸುತ್ತಿಕೊಂಡ ಒಂದು ಪುಟ್ಟ ಬೀಗದ ಕೈ.

ಅದನ್ನು ನೋಡುತ್ತ ಅವಳು ಮೆಟ್ಟಿಲ ಮೇಲೆ ಕೂತಳು. ನಾಲ್ಕು ಪದರ ಬಣ್ಣ! ಎಷ್ಟೋ ವರ್ಷದಿಂದ ಇದನ್ನು ಯಾರೂ ಮುಟ್ಟಿಲ್ಲ. ಮನೆಗೆ ನುಗ್ಗುವವನು ಇಲ್ಲಿ ಬೀಗದ ಕೈ ಇಡುವುದು ಸಾಧ್ಯವೇ ಇಲ್ಲ.

ನಾನು ಏನಂದುಬಿಟ್ಟೆ... ಅಷ್ಟು ಜನರ ಮುಂದೆ, ಏನೂ ಅರಿಯದವನನ್ನು!

*

ಮರುದಿನ ಅವನು ಕ್ಲಾಸಿಗೆ ಬರಲಿಲ್ಲ. ಕ್ಲಾಸು ಮುಗಿಯುತ್ತಲೇ ಡ್ರೈವರನ್ನು ಕೇಳಿ ವಿಳಾಸ ತೆಗೆದುಕೊಂಡು ಹೊರಟಳು.

ಒಂದೇ ಬಾಗಿಲಿನ ಅಂಗಡಿ. ಗೋಡೆಯುದ್ದಕ್ಕೂ ಹಿತ್ತಾಳೆ ತಟ್ಟೆಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದ ತೂಕದ ಬಟ್ಟುಗಳು, ಹೊಟ್ಟೆ ಬಿಚ್ಚಿ ವೈರು ಹೊರಹಾಕಿಕೊಂಡ ಯಂತ್ರಗಳು. ಅವನು ತಲೆ ಎತ್ತದೆಯೇ ಹೇಳಿದ, "ಹತ್ತು ಗಂಟೆಗೆ ಬನ್ನಿ."

ಅವಳು ಮುಂದಿದ್ದ ಯಂತ್ರದ ಮೇಲೆ ಬೀಗದ ಕೈ ಇಟ್ಟಳು. ಕೆಂಪು ಅಂಕಿ ಮಿನುಗಿತು. ಎಂಟು ಗ್ರಾಂ.

ಅವನು ತಲೆ ಎತ್ತಿದ.

"ಕನ್ನಡಿ ಹಿಂದೆ ಇತ್ತು" ಎಂದಳು. "ತಪ್ಪಾಯ್ತು. ಎಲ್ಲರ ಮುಂದೆ ಅಂದೆ. ನಾಳೆ ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ..."

ಅವನು ಬೀಗದ ಕೈಯನ್ನೇ ನೋಡುತ್ತಿದ್ದ. ಆಮೇಲೆ ಸ್ಟೂಲು ಒರೆಸಿ ಅವಳ ಕಡೆ ತಳ್ಳಿದ.

"ನಂಗೆ ಐದು ವರ್ಷ ಇರುವಾಗ ಅಮ್ಮ ಬಿಟ್ಟು ಹೋದ್ಲು. ಒಂದು ಮಾತೂ ಹೇಳದೆ. ಅಕ್ಕನಿಗೆ ಹತ್ತು. ಇದೇ ಊರು ಅಂತ ಗೊತ್ತು, ಮನೆ ಯಾವುದು ಅಂತ ನೆನಪಿಲ್ಲ. ಅಕ್ಕ ಸ್ಕೂಲಿಂದ ಬಂದು ನಾಲ್ಕು ಗಂಟೆಗೆ ನಂಗೆ ಒಂದು ಹಾಡು ಹೇಳ್ಕೊಡ್ತಿದ್ಲು. ‘ಮರೀಬೇಡ ಪುಟ್ಟಾ, ಅರ್ಥ ಆಮೇಲೆ ಹೇಳ್ತೀನಿ’ ಅಂತಿದ್ಲು."

"ಆಮೇಲೆ?"

"ಜ್ವರ ಬಂತು. ಗುರುವಾರ ಮಲಗಿದ್ಲು. ಶನಿವಾರ ಇರಲಿಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು.

"ಅಪ್ಪ ನನ್ನ ಕರ್ಕೊಂಡು ಊರು ಬಿಟ್ರು. ಓದು ಅಲ್ಲಿಗೇ ನಿಂತೋಯ್ತು. ಈಚೆಗಷ್ಟೇ ಇಲ್ಲಿಗೆ ವಾಪಸ್ ಬಂದು ಅಂಗಡಿ ಹಾಕ್ದೆ. ಇಪ್ಪತ್ತೆಂಟು ವರ್ಷ ಆ ಹಾಡು ಗುನುಗ್ತಾನೇ ಇದ್ದೆ ಟೀಚರ್, ಅರ್ಥ ಗೊತ್ತಿಲ್ಲದೆ. ಮೊನ್ನೆ ನೀವು ಬೋರ್ಡ್ ಮೇಲೆ ಬಿಹೈಂಡ್, ಅಂಡರ್ ಅಂತ ಬರೆದ್ರಲ್ಲ... ಕೂದಲು ನೆಟ್ಟಗಾಯ್ತು. ಅದು ಹಾಡೇ ಅಲ್ಲ! ಯಾವುದು ಎಲ್ಲಿದೆ ಅಂತ ಅಕ್ಕ ಹೇಳಿಟ್ಟಿದ್ಲು!"

"ಯಾಕೆ ಇಂಗ್ಲಿಷಲ್ಲಿ?"

"ಅಪ್ಪನಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಮನೇಲಿ ಅಮ್ಮನ ಹೆಸರೆತ್ತಿದ್ರೆ ಬೆಲ್ಟು ಕೈಗೆ ಬರ್ತಿತ್ತು." ಅವನು ಕಷ್ಟಪಟ್ಟು ನಕ್ಕ. "ಆದ್ರೆ ಮೂರನೇ ಸಾಲು ನೋಡಿ. ಅಮ್ಮನಿಗೆ ಸಿಗದ ಹಾಗೆ ಪತ್ರ ಬಚ್ಚಿಟ್ಟೆ ಅಂತ ತಾನೇ? ಅಂದ್ರೆ ಅಕ್ಕನೂ ಅಮ್ಮನ್ನ ನಂಬಿರಲಿಲ್ಲ. ಹೆತ್ತವಳೇ ನಿಲ್ಲಲಿಲ್ಲ ಅಂದ್ಮೇಲೆ ಇನ್ಯಾರು ನಿಲ್ತಾರೆ ಅಂತ ನಾನೂ ಯಾರನ್ನೂ ಮದುವೆಗೆ ಕೇಳೋಕೆ ಹೋಗಲಿಲ್ಲ."

ಟೀಚರ್ ಥಟ್ಟನೆ ಅವನ ನೋಟ್‌ಬುಕ್ ಎಳೆದುಕೊಂಡಳು. ಕಿವಿಗೆ ಕೇಳಿದಂತೆ ತಪ್ಪುತಪ್ಪಾಗಿ ಬರೆದ ವಾಕ್ಯ. "ಫ್ರಮ್ ಮದರ್" ಕೆಳಗೆ ನೇರವಾದ ಅಡಿಗೆರೆ.

"ಫ್ರೇಸ್ ಸರಿಯಾಗಿ ಗುರುತಿಸಿದೀರಿ. ಆದ್ರೆ ಅದು ಯಾವ ಪದಕ್ಕೆ ಅಂಟ್ಕೊಳ್ಳುತ್ತೆ ಅನ್ನೋದನ್ನೂ ನೋಡ್ಬೇಕು. ‘ಹಿಡ್’ಗೆ ಅಂಟ್ಕೊಂಡ್ರೆ ನೀವು ಹೇಳಿದ್ದೇ ಅರ್ಥ, ಅಮ್ಮನಿಂದ ಮುಚ್ಚಿಟ್ಟೆ. ‘ಲೆಟರ್’ಗೆ ಅಂಟ್ಕೊಂಡ್ರೆ..."

"ಅಂಟ್ಕೊಂಡ್ರೆ?"

"ಅಮ್ಮನಿಂದ ಬಂದ ಪತ್ರ. ಅಮ್ಮ ಬರೆದ ಪತ್ರಾನ ಬಚ್ಚಿಟ್ಟೆ ಅಂತ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಉರುಳಿತು.

"ಎರಡರಲ್ಲಿ ಯಾವುದು ಟೀಚರ್?"

"ವಾಕ್ಯ ನೋಡಿ ಹೇಳೋಕಾಗಲ್ಲ." ಅವಳು ಎದ್ದು ನಿಂತಳು. "ಪೆಟ್ಟಿಗೆ ನೋಡ್ಬೇಕು. ಸಂಜೆ ನಾಲ್ಕಕ್ಕೆ ಮುಂಚೆ ಬಂದು ನಾನೇ ನಿಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

*

ಹೊಸಿಲ ಬಳಿ ಅವನ ಕಾಲು ತಾನಾಗಿ ನಿಂತಿತು. ಬಾಗಿಲ ಚೌಕಟ್ಟಿನ ಕೆಳಭಾಗದಲ್ಲಿ, ಮಂಡಿಯೆತ್ತರದಲ್ಲಿ, ಬೆರಳಿಗೆ ಸಿಗುವ ಒಂದು ಗೀರು. ಅವನು ನೋಡದೆಯೇ ಬಗ್ಗಿ ಅದನ್ನು ಮುಟ್ಟಿದ.

"ನಾನೇ ಗೀಚಿದ್ದು" ಎಂದ, ಪಿಸುದನಿಯಲ್ಲಿ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡಿ ಹಾಕೋಕೆ ಬಂದಿದೀಯೇನಪ್ಪಾ?" ಎಂದಳು.

ಮೆಟ್ಟಿಲ ಕೆಳಗಿನ ಗೂಡಿಗೆ ಒಂದು ಕುಳ್ಳ ಬಾಗಿಲು. ಒಳಗೆ ಹೋಗುತ್ತಾ ಹೋಗುತ್ತಾ ಇಳಿಜಾರಾಗಿ, ಕೊನೆಯ ಮೆಟ್ಟಿಲ ಬಳಿ ಒಂದು ಗೇಣು ಜಾಗವೂ ಇರಲಿಲ್ಲ. ಅವನು ಹೊಟ್ಟೆ ಮೇಲೆ ಮಲಗಿ ತೆವಳಿದ. ಟೀಚರ್ ಟಾರ್ಚ್ ಹಿಡಿದು ಹಿಂದೆ ಕೂತಳು.

ಗಡಿಯಾರ ನಾಲ್ಕು ಹೊಡೆಯಿತು.

*ದಿ ಕೀ ಈಸ್...*

ಅವನ ಹೆಗಲು ಸೆಟೆದದ್ದನ್ನು ಅವಳು ಕಂಡಳು. ಅಂದರೆ ಅವನಿಗೂ ಕೇಳಿಸಿತು! ದನಿ ಅವನ ಮುಖದ ಪಕ್ಕದಿಂದಲೇ ಬರುತ್ತಿತ್ತು, ಮಗುವೂ ಹಿಡಿಸಲಾರದಷ್ಟು ಕಿರಿದಾದ ಕತ್ತಲಿನಿಂದ.

"ಅಕ್ಕಾ..."

ದನಿ ನಿಂತಿತು. ಕಾಯುತ್ತಿರುವ ಹಾಗೆ.

ಅವನು ಹೇಳಿಕೊಡುವವರ ಮುಂದೆ ಒಪ್ಪಿಸುವ ಮಗುವಿನಂತೆ, ಅದೇ ರಾಗದಲ್ಲಿ, ಮೂರು ಸಾಲು ಹೇಳಿದ. ನಾಲ್ಕನೆಯದಕ್ಕೆ ತಡವರಿಸಿದ. ಆಗ ಕತ್ತಲು ಅವನಿಗೆ ಹೇಳಿಕೊಟ್ಟಿತು, ಒಂದೊಂದೇ ಪದ... "ಟು ಹರ್... ಆನ್ ಸಂಡೇ..."

ಓಡಬೇಕು ಎಂದು ಅವಳಿಗೆ ಅನ್ನಿಸಲಿಲ್ಲ. ಒಂದು ಕೈಯಲ್ಲಿ ಟಾರ್ಚ್ ಹಿಡಿದೇ, ಇನ್ನೊಂದು ಕೈಯಿಂದ ಅವನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗಿನ ಕತ್ತಲು ಇವನನ್ನು ಎಳೆದುಕೊಂಡರೆ ಬಿಡುವುದಿಲ್ಲ ಎಂಬಂತೆ.

"ಸಿಕ್ತು" ಎಂದ ಅವನು.

ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ತಕ್ಕಡಿಗೆ ಬಿಡುವ ಎಣ್ಣೆಯನ್ನೇ ಎರಡು ಹನಿ ಬಿಟ್ಟ ಮೇಲೆ ಬೀಗ ತಿರುಗಿತು. ಒಳಗೆ ಒಂದು ರಿಬ್ಬನ್, ಒಂದು ಮೋಟು ಪೆನ್ಸಿಲ್, ಒಂದು ಲಕೋಟೆ. ಅವನಿಗೆ ಅಕ್ಷರ ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಅವಳೇ ಓದಿದಳು.

"ನನ್ನ ಬಂಗಾರಗಳೇ, ನಾನು ನಿಮ್ಮನ್ನು ಬಿಟ್ಟು ಹೋಗಲಿಲ್ಲ. ನಿಮ್ಮಪ್ಪ ನನ್ನನ್ನು ಆಚೆ ಹಾಕಿ ಬಾಗಿಲು ಮುಚ್ಚಿದರು. ಮೂರು ದಿನ ಬೀದಿಯ ಕೊನೆಯಲ್ಲೇ ನಿಂತಿದ್ದೆ. ಒಂದು ಹೊಲಿಗೆ ಕೆಲಸ ಸಿಕ್ಕಿದೆ, ಒಂದು ರೂಮು ಸಿಕ್ಕಿದೆ. ಕೆಳಗೆ ವಿಳಾಸ ಇದೆ. ಭಾನುವಾರ ಅಪ್ಪ ಮನೆಯಲ್ಲಿರುವುದಿಲ್ಲ, ತಮ್ಮನ ಕೈ ಹಿಡಿದುಕೊಂಡು ಬಸ್ ಹತ್ತಿಬಿಡು ಮಗಳೇ. ಅವನಿಗೆ ಈಗಲೇ ಹೇಳಬೇಡ, ಬಾಯಿ ಬಿಟ್ಟಾನು..."

ಪತ್ರ ಅಮ್ಮನಿಂದಲೇ ಬಂದದ್ದು.

ಅವನು ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಇಪ್ಪತ್ತೆಂಟು ವರ್ಷದ ಅಳು ಸದ್ದಿಲ್ಲದೆ ಹರಿಯಿತು. ಅವಳು ಪಕ್ಕದಲ್ಲಿ ಕೂತಳು.

ಆಗಲೇ ಗೂಡಿನ ಬಾಗಿಲು ತಾನಾಗಿ ಇನ್ನೂ ಸ್ವಲ್ಪ ತೆರೆದುಕೊಂಡಿತು. ಬರಿಗಾಲಿನ ಸಣ್ಣ ಹೆಜ್ಜೆಗಳು ಅವರಿಬ್ಬರ ನಡುವಿನಿಂದ ದಾಟಿ, ಹಜಾರದುದ್ದಕ್ಕೂ ಓಡಿ... ಬೀದಿ ಬಾಗಿಲ ಚಿಲಕ ಎದ್ದು ಬಿತ್ತು.

ಗುಡುಗು ಹೊಡೆದರೂ ಏಳದ ಅತ್ತೆ ಒಳಗಿನಿಂದ ಇಣುಕಿ ಕೇಳಿದಳು, "ಯಾರೇ ಅದು, ಹೊರಗೆ ಹೋಗಿದ್ದು? ಬಾಗಿಲು ಹಾಕ್ಕೊಳ್ಳೋಕೂ ಆಗಲ್ವಾ?"

*

"ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ" ಎಂದಳು ಟೀಚರ್.

"ಎಷ್ಟು ಭಾನುವಾರ ಬಂದು ಹೋಯ್ತೋ. ನಾಳೆನೇ ಹೋಗ್ತೀನಿ." ತಡೆದು, ಅವಳ ಮುಖ ನೋಡದೆ ಕೇಳಿದ. "ನೀವು... ಬರ್ತೀರಾ? ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ. ಅಲ್ಲಿ ಯಾರೂ ಇಲ್ಲದಿದ್ರೆ..."

"ಬರ್ತೀನಿ."

ಯೋಚಿಸದೆ ಬಂದ ಉತ್ತರಕ್ಕೆ ಅವಳಿಗೇ ಅಚ್ಚರಿ.

ಎರಡು ಗಂಟೆಯ ಬಸ್ ಪ್ರಯಾಣ. ಅವನು ಹೆಚ್ಚು ಮಾತಾಡಲಿಲ್ಲ. ಪತ್ರ ಜೇಬಿನಲ್ಲಿದೆಯಾ ಎಂದು ಹತ್ತು ಸಲ ಮುಟ್ಟಿ ನೋಡಿಕೊಂಡ. ಹನ್ನೊಂದನೇ ಸಲಕ್ಕೆ ಅವಳು ಅವನ ಕೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇಳಿಯುವವರೆಗೂ ಇಬ್ಬರೂ ಕಿಟಕಿಯ ಕಡೆಗೇ ನೋಡುತ್ತಿದ್ದರು.

ಸಾಲು ರೂಮುಗಳ ಕೊನೆಯ ಬಾಗಿಲು. ಅವನು ಕೈ ಎತ್ತಿದ. ಬಡಿಯುವ ಮೊದಲೇ ಬಾಗಿಲು ತೆರೆಯಿತು.

ಅರವತ್ತರ ಹತ್ತಿರದ ಹೆಂಗಸು. ಕೊರಳಿಗೆ ಅಳತೆ ಟೇಪು. ಕಣ್ಣಿನಲ್ಲಿ ನೀರಿತ್ತು, ಆಶ್ಚರ್ಯವಿರಲಿಲ್ಲ.

"ಬಾ ಪುಟ್ಟಾ" ಎಂದಳು. "ಅಕ್ಕ ನಿನ್ನೇನೇ ಬಂದ್ಲು."

ಟೀಚರ್ ಅವನ ತೋಳು ಹಿಡಿದುಕೊಂಡಳು.

"ಅಮ್ಮಾ... ಅಕ್ಕ ಅವತ್ತೇ..."

"ಗೊತ್ತು. ತಿಂಗಳಾದ್ಮೇಲೆ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದೆ. ಮನೆಗೆ ಬೀಗ. ಅಕ್ಕಪಕ್ಕದವರು ಹೇಳಿದ್ರು. ನೀನು ಬಂದ್ರೆ ಸಿಗ್ಬೇಕಲ್ಲ ಅಂತ ಈ ರೂಮು ಬಿಟ್ಟೇ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, ಮಗನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ನಿನ್ನೆ ಸಂಜೆ ಆರು ಗಂಟೆ ಇರಬಹುದು. ಕಾಲೆಲ್ಲ ಧೂಳು ಮಾಡ್ಕೊಂಡು ಬಂದು ಈ ಮಂಚದ ಮೇಲೆ ಕೂತ್ಲು. ತಮ್ಮ ಹಿಂದೆ ಬರ್ತಿದಾನೆ ಅಂದ್ಲು. ಒಬ್ಬನೇ ಬರಲ್ಲ ಅಂತಾನೂ ಅಂದ್ಲು."

ಮೇಜಿನ ಮೇಲೆ ನಾಲ್ಕು ತಟ್ಟೆ ಹಾಕಿತ್ತು.

ಅಂದು ಆ ನಾಲ್ಕೂ ತಟ್ಟೆಗೆ ಬಡಿಸಿದಳು ತಾಯಿ. ಯಾರೂ ಏನೂ ಕೇಳಲಿಲ್ಲ. ಊಟದ ನಡುವೆ ಮಾತ್ರ ಅವಳು ಟೀಚರ್ ಕಡೆ ತಿರುಗಿ, "ಇವರು ಯಾರು ಅಂತ ಹೇಳಲೇ ಇಲ್ವಲ್ಲೋ" ಎಂದಳು.

ಅವನು ತುತ್ತು ನುಂಗಿ, ನೀರು ಕುಡಿದು, ಕೆಮ್ಮಿ, "ನಮ್... ನಮ್ಮ ಟೀಚರ್" ಎಂದ.

*

ಕೊನೆಯ ಬಸ್ಸಿಗೆ ಇನ್ನೂ ಸಮಯವಿತ್ತು. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು. ಒಳಗೆ ತಾಯಿ ಮೆಲ್ಲಗೆ ಯಾರೊಂದಿಗೋ ಮಾತಾಡುತ್ತಿದ್ದಳು. "ತಿರುಗು, ಜಡೆ ಸರಿ ಮಾಡ್ತೀನಿ..." ಎಂದದ್ದು ಕೇಳಿಸಿತು.

"ಭಯ ಆಗ್ತಿದೆಯಾ?" ಎಂದ ಅವನು.

"ಆಗ್ತಿದೆ" ಎಂದಳು ಪ್ರಾಮಾಣಿಕವಾಗಿ. "ಆದ್ರೂ ಎದ್ದು ಹೋಗೋಕೆ ಮನಸ್ಸಿಲ್ಲ."

ಅವನು ಅವಳ ಕಡೆ ತಿರುಗಿ ಕೂತ.

"ನಿಮಗೊಂದು ವಿಷಯ ಹೇಳ್ಬೇಕು" ಎಂದಳು ಅವಳು. "ನಾಳೆಯಿಂದ ನೀವು ನನ್ನ ಕ್ಲಾಸಿಗೆ ಬರೋದು ಬೇಡ. ಸಂಜೆ ಬ್ಯಾಚಿಗೆ ಬೇರೆ ಮೇಷ್ಟ್ರಿದ್ದಾರೆ, ಅಲ್ಲಿಗೆ ಸೇರ್ಕೊಳ್ಳಿ."

ಅವನ ಮುಖ ಬಾಡಿಹೋಯಿತು. "ಯಾಕೆ? ಇನ್ನೂ ಸಿಟ್ಟಿದೆಯಾ?"

"ಸಿಟ್ಟಿಲ್ಲ."

"ಮತ್ತೆ?"

ಅವಳು ಕಟ್ಟೆಯ ಮೇಲಿನ ಒಂದು ಕಲ್ಲು ಎತ್ತಿ ಕೈಯಲ್ಲಿ ತಿರುಗಿಸಿದಳು. ಕೆನ್ನೆ ಕಿವಿಯವರೆಗೂ ಕೆಂಪಾಗಿತ್ತು.

"ಇನ್ನೊಂದ್ಸಲ ನಿಮ್ಮಮ್ಮ ಇವರು ಯಾರು ಅಂತ ಕೇಳಿದ್ರೆ, ನೀವು ಮತ್ತೆ ಟೀಚರ್ ಅಂದ್ಬಿಟ್ರೆ..."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಕಣ್ಣು ಮತ್ತೆ ತುಂಬಿತು.

"ನಾನು ಬರೀ ತಕ್ಕಡಿ ರಿಪೇರಿ ಮಾಡೋನು."

"ನಾನು ಬರೀ ಬೇರೆಯವರ ತಪ್ಪು ತಿದ್ದೋಳು. ನಮ್ಮತ್ತೆಗೆ ಕಿವಿ ಕೇಳಲ್ಲ, ಒಂದು ಮಾತು ಹತ್ತು ಸಲ ಹೇಳ್ಬೇಕು. ಆಗುತ್ತಾ?"

"ಇಪ್ಪತ್ತೆಂಟು ವರ್ಷ ಒಂದೇ ಮಾತು ಹೇಳ್ಕೊಂಡು ಬಂದೋನು ನಾನು." ಮೊದಲ ಸಲ ಅವನು ಬಾಯ್ತುಂಬ ನಕ್ಕ. ಆಮೇಲೆ ದನಿ ಇಳಿಸಿ, ತುಂಬ ಹುಷಾರಾಗಿ ಕೇಳಿದ, "ನಿಲ್ತೀರಾ?"

"ನಿಲ್ತೀನಿ" ಎಂದಳು ಅವಳು. "ಈಗ ಎದ್ದು ಒಳಗೆ ಬನ್ನಿ. ಅಮ್ಮನಿಗೆ ನಾನೇ ಹೇಳ್ಬೇಕಾ?"

"ಇಲ್ಲ, ನಾನೇ ಹೇಳ್ತೀನಿ" ಎಂದು ಅವನು ಎದ್ದು, ಅವಳಿಗೆ ಕೈ ಚಾಚಿದ.